ಮೇಲೂರಿನ ಬಟ್ಟೆಗೆ ಹೊಲಿಗೆ ಕಾಣಬಾರದು

ಮಳೆ ಬಂದು ಸಿನಿಮಾದವರು ಕಟ್ಟಿದ ತಗಡಿನ ಊರು ಕೊಚ್ಚಿಹೋಗಬಹುದಿತ್ತು. ಜಗಳೂರಿನ ಬೇಸಿಗೆಯಲ್ಲಿ ಮಳೆಯ ಚಿಂತೆ ಮಾಡುವವಳು ನೀನೊಬ್ಬಳೇ ಅಂತ ನಮ್ಮ ಯಜಮಾನರು ನಕ್ಕರು, ಆದರೂ ಬರಬಹುದಿತ್ತು. ಗಾಳಿ ಎದ್ದು ತಗಡು ಹಾರಿ ಯಾರದಾದರೂ ಕುತ್ತಿಗೆಗೆ ತಾಗಬಹುದಿತ್ತು. ಬಂಡೆಯ ಸಂದಿಯಿಂದ ಹಾವು ಬರಬಹುದಿತ್ತು. ಹೀರೋಯಿನ್ ಜೋರಾಗಿ ಉಸಿರೆಳೆದರೆ ನಾನು ಹೊಲಿದ ಗೌನು ಬೆನ್ನಿನಲ್ಲಿ ಬಿರಿಯಬಹುದಿತ್ತು. ಬೆಂಗಳೂರಿನವರು ಬಟ್ಟೆಯೆಲ್ಲ ಹೊಲಿಸಿಕೊಂಡು ಫೋನು ಎತ್ತದೆ ಹೋಗಬಹುದಿತ್ತು. ಇತ್ತ ಮದುವೆ ಗಿರಾಕಿಗಳು ಕಾದು ಕಾದು ಬೇಸತ್ತು ಬಸ್ ಸ್ಟ್ಯಾಂಡಿನ ಹಿಂದಿನ ಹೊಸ ಬೊಟಿಕ್ಕಿಗೆ ಹೋಗಬಹುದಿತ್ತು. ಹೋಗದೆ ಉಳಿದವರಲ್ಲಿ ಒಬ್ಬ ಬೀಗಿತ್ತಿಯ ರವಿಕೆ ಇನ್ನೊಬ್ಬ ಬೀಗಿತ್ತಿಗೆ ಅದಲುಬದಲಾಗಿ ಧಾರೆಗೆ ಮೊದಲೇ ಜಗಳ ಹತ್ತಬಹುದಿತ್ತು. ಬಟ್ಟೆಗೆ ಬಣ್ಣ ಹಾಕಲು ಚಹಾದ ನೀರು ಕುದಿಸುವಾಗ, ನನ್ನ ಅಂಗಡಿಯಲ್ಲಿ ಹೊಲಿಯುವ ಸುಜಾತಳ ಕೈ ಸುಡಬಹುದಿತ್ತು. ಬಿಸಿಲಿಗೆ ಯಾರಾದರೂ ಕುಸಿದು ಬಿದ್ದರೆ ಆಂಬುಲೆನ್ಸ್ ಬರುವ ಹೊತ್ತಿಗೆ ಏನಾಗುತ್ತಿತ್ತೋ. ಸಿನಿಮಾ ಬಿಡುಗಡೆಯೇ ಆಗದೆ ಡಬ್ಬದಲ್ಲಿ ಕೊಳೆಯಬಹುದಿತ್ತು. ಬಿಡುಗಡೆಯಾದರೆ ಇನ್ನೂ ಕಷ್ಟ, ನನ್ನ ದಪ್ಪ ತೋಳು ಪರದೆಯ ಮೇಲೆ ನೋಡಿ ನ್ಯಾಮತಿಯ ತವರಿನವರು ವರ್ಷಗಟ್ಟಲೆ ನಗಬಹುದಿತ್ತು.

ಇದೆಲ್ಲವನ್ನೂ ನಾನು ಮುಂಚಿತವಾಗಿಯೇ ಚಿಂತೆ ಮಾಡಿ ಮುಗಿಸಿದ್ದೆ. ಅದೊಂದು ಕೆಲಸದಲ್ಲಿ ನಾನು ಯಾರಿಗೂ ತಡ ಮಾಡಿಕೊಟ್ಟವಳಲ್ಲ. ಇದರಲ್ಲಿ ಒಂದೂ ಆಗಲಿಲ್ಲ. ತೋಳು ನೋಡಿ ನಕ್ಕರು, ಆದರೆ ಒಂದೇ ವಾರ.

ಹೋದ ವಾರ ಅಂಗಡಿಯಲ್ಲಿ ಚಹಾ ಉಕ್ಕಿತು. ಸ್ಟವ್ ಪಕ್ಕದಲ್ಲಿ ಮಡಚಿಟ್ಟಿದ್ದ ಬಿಳಿ ಲೈನಿಂಗ್ ಬಟ್ಟೆಯ ಮೇಲೆ ಹರಿದು, ಬಿಸಿ ಬಟ್ಟೆಯೂ ಚಹಾಪುಡಿಯೂ ಸೇರಿದ ಒಂದು ವಾಸನೆ ಎದ್ದಿತು. ಒಗೆದರೆ ಹೋಗುತ್ತದೆ, ಅದೇನು ದೊಡ್ಡದಲ್ಲ. ಆದರೆ ನನ್ನ ಮಷಿನ್ನಿನ ಪೆಡಲ್ ಮೇಲೆ ಕಾಲು ಹಾಗೇ ನಿಂತಿತು. ಎದುರಿನ ಮಷಿನ್ನಿನಲ್ಲಿ ಕೂತಿದ್ದ ಸುಜಾತ ತಲೆ ಎತ್ತಿ ನನ್ನ ಮುಖ ನೋಡಿದಳು, ಮತ್ತೆ ತಲೆ ತಗ್ಗಿಸಿ ಹೊಲಿಯತೊಡಗಿದಳು. ಅವಳಿಗೂ ಅದೇ ಬೇಸಿಗೆ ನೆನಪಾಯಿತು ಅಂತ ಕಾಣುತ್ತದೆ.

ಆ ಬೇಸಿಗೆಯಲ್ಲಿ ಬಿಳಿಚೋಡಿನ ಆಚೆಯ ಬಂಡೆಗುಡ್ಡದಲ್ಲಿ ಸಿನಿಮಾದವರು ಒಂದು ಊರು ಕಟ್ಟಿದರು. ಮುಂದೆ ಯಾವಾಗಲೋ ಬರುವ ಕಾಲದ ಊರು. ಗುಡ್ಡದ ನೆತ್ತಿಯಲ್ಲಿ ಬಿಳಿಯ ಪ್ಲೈವುಡ್ಡಿನ ಮೇಲೂರು, ಬುಡದಲ್ಲಿ ತುಕ್ಕು ಹಿಡಿದ ತಗಡಿನ ಕೆಳಗೂರು. ಭೂಮಿಯ ಮೇಲಿನ ನೀರೆಲ್ಲ ಮೇಲಿನವರ ಕೈಯಲ್ಲಿ, ಕೆಳಗಿನವರು ಕೈಯಲ್ಲಿ ಡಬ್ಬಿ ಹಿಡಿದುಕೊಂಡು ಮೇಲೂರಿನ ಕಬ್ಬಿಣದ ಗೇಟಿನ ಮುಂದೆ ಸಾಲು ನಿಲ್ಲಬೇಕು. ನಡುವೆ ಒಂದು ಪ್ರೇಮ, ಒಂದು ದಂಗೆ. ಕತೆ ಕೇಳಿ ನಮ್ಮ ಯಜಮಾನರು, "ಇದಕ್ಕೆ ಮುಂದಿನ ಕಾಲ ಯಾಕೆ ಬೇಕಿತ್ತು? ಟ್ಯಾಂಕರ್ ಬಂದ ದಿನ ನಮ್ಮ ಓಣಿಗೆ ಕ್ಯಾಮೆರಾ ತಂದಿದ್ರೆ ಸಾಕಿತ್ತು" ಅಂದರು.

ಆ ಊರಿನ ಜನರಿಗೆಲ್ಲ ಬಟ್ಟೆ ಹೊಲಿಯುವ ಕೆಲಸ ನನಗೆ ಬಂತು. ಜಗಳೂರಿನಲ್ಲಿ ಬೇರೆ ಟೇಲರುಗಳು ಮದುವೆ ಸೀಸನ್ ಬಿಟ್ಟು ಬರಲಿಲ್ಲ, ನನಗೆ ಬೇಡ ಅನ್ನಲು ಬರಲಿಲ್ಲ, ಅಷ್ಟೇ. ಬಟ್ಟೆಯ ಉಸ್ತುವಾರಿ ಅದಿತಿ ಅನ್ನುವ ಬೆಂಗಳೂರಿನ ಹುಡುಗಿಯದು. ಎಲ್ಲರೂ ಮೇಡಂ ಅನ್ನುತ್ತಿದ್ದರು, ನಾನೂ ಅಂದೆ. ಒಳ್ಳೆಯ ಹುಡುಗಿ. ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಮೊದಲ ದಿನ ಹೇಳಿದಳು: "ಮೇಲೂರಿನ ಬಟ್ಟೆಗೆ ಹೊಲಿಗೆ ಕಾಣಬಾರದು ಆಂಟಿ. ಆ ಕಾಲದಲ್ಲಿ ಬಟ್ಟೆ ಹೊಲಿಯೋದೇ ಇಲ್ಲ, ಮಷಿನ್ನಿಂದ ಹಾಗೇ ಅಚ್ಚಾಗಿ ಬರುತ್ತೆ."

ಟೇಲರುಗಳೇ ಇಲ್ಲದ ಲೋಕಕ್ಕೆ ಬಟ್ಟೆ ಹೊಲಿಯಲು ನನ್ನನ್ನು ಕರೆದಿದ್ದರು. ನಾನು ಹೂಂ ಅಂದೆ.

ಒಂದು ಲೋಕ ಕಟ್ಟುವುದು ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಅವಳ ಜೊತೆ ಕೂತಾಗ. ಒಂದೊಂದಕ್ಕೂ ಕಾರಣ ಬೇಕು. ಮೇಲಿನವರ ಬಟ್ಟೆಗೆ ಜೇಬು ಇಲ್ಲ, ಅವರು ಏನನ್ನೂ ಹೊರುವುದಿಲ್ಲ. ಕೆಳಗಿನವರಿಗೆ ಮೈತುಂಬ ಜೇಬು, ಏನು ಸಿಕ್ಕರೂ ಇಟ್ಟುಕೊಳ್ಳಬೇಕು. ಮೇಲಿನವರ ಲೋಟದಲ್ಲಿ ಯಾವಾಗಲೂ ಅರ್ಧ ನೀರು ಉಳಿದಿರಬೇಕು. ಹೀಗೆ ಮಾತಾಡುತ್ತಾ ನನಗೂ ಹುರುಪು ಹತ್ತಿ, "ಮೇಲಿನೋರಿಗೆ ಹುಕ್ಕು ಬೆನ್ನಿಗೆ ಇಡೋಣ ಮೇಡಂ. ಹಾಕಾಕೆ ಇನ್ನೊಬ್ಬರು ಬೇಕಾಗ್ತಾರೆ. ಕೆಳಗಿನೋರಿಗೆ ಮುಂದಕ್ಕೆ. ಅವರಿಗೆ ಹುಕ್ಕು ಹಾಕಾಕೆ ಯಾರು ಬರ್ತಾರೆ?" ಅಂದುಬಿಟ್ಟೆ. ಅದಿತಿ ಎದ್ದು ನನ್ನನ್ನು ತಬ್ಬಿಕೊಂಡಳು. ಡೈರೆಕ್ಟರಿಗೆ ಫೋನು ಮಾಡಿ ಹೇಳಿದಳು. ಆ ದಿನ ಮನೆಗೆ ಹೋಗಿ ಅನ್ನ ಬಡಿಸುವಾಗಲೂ ನನಗೆ ನನ್ನದೇ ಮಾತಿನ ಖುಷಿ. ಇಪ್ಪತ್ತು ವರ್ಷ ಗಿರಾಕಿಗಳ ಬೆನ್ನು ನೋಡಿ ಕಲಿತದ್ದು ಒಂದು ಸಿನಿಮಾಕ್ಕೆ ಕೆಲಸಕ್ಕೆ ಬಂತಲ್ಲ ಅಂತ.

ಕೆಳಗೂರಿನ ಬಟ್ಟೆಯದೇ ಹೆಚ್ಚು ಕೆಲಸ. ಹೊಸ ಬಟ್ಟೆಯನ್ನು ಹಳೆಯದು ಮಾಡಬೇಕು. ದೊಡ್ಡ ಹಂಡೆಯಲ್ಲಿ ಚಹಾಪುಡಿ ಕುದಿಸಿ, ತುಕ್ಕು ಹಿಡಿದ ಮೊಳೆ ಹಾಕಿ, ಬಟ್ಟೆ ಅದ್ದಿ, ಕಲ್ಲಿಗೆ ಉಜ್ಜಿ, ಬಿಸಿಲಿಗೆ ಹಾಕಿ, ಆಮೇಲೆ ಹರಿಯಬೇಕು. ಹೊಲಿದದ್ದನ್ನು ಹರಿಯಲು ಕತ್ತರಿ ಹಿಡಿದು, ಎಲ್ಲಿಂದ ಶುರು ಮಾಡುವುದು ಅಂತ ಬಟ್ಟೆ ತಿರುಗಿಸಿ ತಿರುಗಿಸಿ ನೋಡಿದೆ. ಸುಜಾತ ನೋಡಿ, "ಕೊಡ್ರಿ ಆಂಟಿ, ನಾನು ಹರೀತೀನಿ. ನನಗೆ ನಿಮ್ಮಷ್ಟು ಮರ್ಯಾದಸ್ತಿಕೆ ಇಲ್ಲ" ಅಂದಳು.

ಸುಜಾತಳ ಅವ್ವ ರತ್ನಮ್ಮ. ನಾನು ರತ್ನಕ್ಕ ಅನ್ನುತ್ತೇನೆ. ಬಿಳಿಚೋಡಿನಲ್ಲಿ ಮನೆ, ಶಾಲೆಯಲ್ಲಿ ಬಿಸಿಯೂಟದ ಅಡುಗೆ. ಆಗ ರಜೆ. ಗೇಟಿನ ಮುಂದೆ ಸಾಲಿನಲ್ಲಿ ನಿಲ್ಲಲು ಒಬ್ಬ ವಯಸ್ಸಾದ ಹೆಂಗಸು ಬೇಕು, ಒಂದೆರಡು ಮಾತೂ ಇದೆ ಅಂದಾಗ ಸುಜಾತ ತನ್ನ ಅವ್ವನ ಹೆಸರು ಹೇಳಿದಳು. ಡೈರೆಕ್ಟರು ಫೋಟೊ ನೋಡಿ ಒಪ್ಪಿದರು. ರತ್ನಕ್ಕ ಒಪ್ಪಲಿಲ್ಲ. ನಾನೇ ಬಿಳಿಚೋಡಿಗೆ ಹೋದೆ.

ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಫೋಟೊ, ಅದರ ಕೆಳಗೆ ಇಸ್ತ್ರಿ ಮಾಡಿ ಮಡಚಿಟ್ಟ ಬಿಳಿ ಸೀರೆ. ರತ್ನಕ್ಕ ಚಹಾ ಕೊಟ್ಟು ಎದುರಿಗೆ ಕೂತಳು.

"ಬರಲ್ಲ ಅಂತೇನಿಲ್ಲ ಶೈಲವ್ವ. ಸಿನಿಮಾ ಅಂದ್ರೆ ನನಗೂ ಆಸೆನೇ. ಹರಕು ಬಟ್ಟೆ ಉಡಸ್ತಾರಂತಲ್ಲ?"

"ಎಲ್ರಿಗೂ ಹಂಗೇ ರತ್ನಕ್ಕ. ಕತೆ ಹಂಗೈತೆ."

"ಕತೆ ಹೆಂಗಾರ ಇರ್ಲಿ. ನಮ್ಮವ್ವ ಇದ್ದಳಲ್ಲ, ಕಂಡೋರ ಹಬ್ಬಕ್ಕೆ ಕೊಟ್ಟ ಹರಕು ಸೀರೆ ಉಟ್ಟೇ ಜೀವ ಬಿಟ್ಲು. ನಾವು ಬುದ್ಧನ ಹಾದಿ ಹಿಡಿದ ದಿನ ಅಪ್ಪ ಹೇಳಿದ್ದು ಒಂದೇ ಮಾತು. ಹಳೇದು ಉಡ್ರಿ, ಹರಿದಿದ್ದು ಉಟ್ಕಂಡು ಹೊಸಿಲು ದಾಟಬ್ಯಾಡ್ರಿ. ಇವತ್ತಿಗೂ ದಾಟಿಲ್ಲ. ಈಗ ಊರೆಲ್ಲ ನೋಡೋ ಪರದೆ ಮ್ಯಾಲೆ ದಾಟಲಾ?"

"ತೇಪೆ ಹಾಕಿದ್ರೆ ಆಗ್ತೈತಾ? ಹರಿದಿರಲ್ಲ. ತೇಪೆ ಇರ್ತೈತೆ, ಅಷ್ಟೇ. ನಾನೇ ಹೊಲೀತೀನಿ."

ಅವಳು ನನ್ನ ಕಡೆ ಜರುಗಿ ಕೂತಳು. "ತೇಪೆ ಆದ್ರೆ ಆತು. ತೇಪೆ ಅಂದ್ರೆ ಯಾರೋ ಕೂತು ಹೊಲಿದಾರೆ ಅಂತ ಅರ್ಥ. ನೀ ಮಾತು ಕೊಡ್ತಿ?"

"ಕೊಡ್ತೀನಿ."

"ಹಂಗಾದ್ರೆ ಬಂದೆ. ಹೀರೋನ ಪಕ್ಕ ನಿಲ್ಲಿಸ್ತಾರಾ?"

ಅದಿತಿಗೆ ಹೇಳಿದೆ. ಅವಳು ತಕರಾರಿಲ್ಲದೆ ಒಪ್ಪಿದಳು, ತೇಪೆ ಇನ್ನೂ ಚೆಂದ ಕಾಣುತ್ತೆ ಅಂದಳು. ಆ ರವಿಕೆಯ ಭುಜಕ್ಕೆ ತೇಪೆ ಹಾಕಿದಷ್ಟು ಜತನದಿಂದ ನಾನು ಮದುಮಗಳ ರವಿಕೆಗೂ ಹೊಲಿಗೆ ಹಾಕಿಲ್ಲ.

ಜನ ಕರೆತರುವ ಗುತ್ತಿಗೆ ಮಂಜಣ್ಣನದು. ಅವನಿಗೆ ಡೈರೆಕ್ಟರು ಹೇಳಿದ್ದು ಇಷ್ಟೇ: ಮೇಲೂರಿನವರ ಮುಖದಲ್ಲಿ ನೀರು ಕಾಣಬೇಕು, ಕೆಳಗೂರಿನವರ ಮುಖದಲ್ಲಿ ಬಿಸಿಲು ಕಾಣಬೇಕು. ಮಂಜಣ್ಣ ತಲೆ ಕೆಡಿಸಿಕೊಳ್ಳಲಿಲ್ಲ. ಮೇಲೂರಿಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯಿಂದ ಬಸ್ಸಿನಲ್ಲಿ ಜನ ತಂದ. ಕೆಳಗೂರಿಗೆ ಬಿಳಿಚೋಡಿನ ಸುತ್ತಲಿನವರನ್ನೇ ಟ್ರಾಕ್ಟರಿನಲ್ಲಿ ತಂದ. "ನೀರಾವರಿ ಕಡೆಯೋರು ಮ್ಯಾಲೆ, ಖುಷ್ಕಿ ಕಡೆಯೋರು ಕೆಳಗೆ. ದೇವ್ರೇ ಕಾಸ್ಟಿಂಗ್ ಮಾಡ್ಯಾನೆ, ನಂದೇನೈತೆ?" ಅಂತ ನಕ್ಕ. ನಾನೂ ನಕ್ಕೆ. ನ್ಯಾಮತಿಯಿಂದ ಜಗಳೂರಿಗೆ ಸೊಸೆಯಾಗಿ ಬಂದ ದಿನದಿಂದ ನನ್ನ ಅತ್ತೆ ನನ್ನನ್ನು ನೀರಿನ ಕಡೆಯೋಳು ಅಂತಲೇ ಕರೆದದ್ದು. ಒಂದು ಬಿಂದಿಗೆ ಹೆಚ್ಚು ಖರ್ಚು ಮಾಡಿದರೆ ಸಾಕು, ಆ ಹೆಸರು ಬರುತ್ತಿತ್ತು.

ಮೊದಲ ದಿನ ಟ್ರಾಕ್ಟರ್ ಬಂದು ನಿಂತಾಗ ಅದಿತಿಯ ಬಾಯಿ ತೆರೆದೇ ಇತ್ತು. ಇಳಿದವರೆಲ್ಲ ರೇಷ್ಮೆ ಸೀರೆ, ತಲೆತುಂಬ ಕನಕಾಂಬರ, ಗಂಡಸರು ಮದುವೆಯ ಪಂಚೆ, ಪೌಡರು. ಕ್ಯಾಮೆರಾ ಬರುತ್ತದೆ ಅಂದರೆ ಯಾರು ತಾನೇ ಹೇಗೆಂದರೆ ಹಾಗೆ ಬರುತ್ತಾರೆ? ಅವಳು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ರೇಷ್ಮೆ ಬಿಚ್ಚಿಸಿ, ಹೂ ತೆಗೆಸಿ, ಚಹಾ ಬಣ್ಣದ ಹರಕು ಉಡಿಸುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಹನುಮಕ್ಕ ಅನ್ನುವ ಬಾಯಿಬಡಕಿ, "ಸಿನಿಮಾ ಅಂತ ಕರೆದು ಭಿಕ್ಷೆಗೆ ಕಳಿಸ್ತಿದೀರಲ್ಲ ಟೇಲರಮ್ಮ" ಅಂತ ಎಲ್ಲರನ್ನೂ ನಗಿಸಿದಳು. ನಗುತ್ತಲೇ ಉಟ್ಟರು. ರತ್ನಕ್ಕ ತೇಪೆಯ ರವಿಕೆ ತೊಟ್ಟು, ಭುಜದ ಮೇಲೆ ಕೈಯಾಡಿಸಿ ನೋಡಿ, ನನ್ನ ಕಡೆ ತಲೆ ಅಲ್ಲಾಡಿಸಿದಳು.

ಸಂಜೆ ಬೆಳಕು ಹೋಯಿತೆಂದು ಅವಸರದಲ್ಲಿ ಮುಗಿಸುವಾಗ ಮಂಜಣ್ಣ ಕೂಗಿದ: "ಬಟ್ಟೆ ಹಂಗೇ ಉಟ್ಕಂಡು ಹೋಗ್ರಿ, ನಾಳೆ ಅವೇ ಉಟ್ಕಂಡು ಬರ್ರಿ."

ಮರುದಿನ ಬೆಳಿಗ್ಗೆ ಟ್ರಾಕ್ಟರಿನಿಂದ ಇಳಿದವರನ್ನು ನಾನು ಎರಡೆರಡು ಸಲ ನೋಡಿದೆ. ಇಡೀ ಕೆಳಗೂರು ಒಗೆದುಕೊಂಡು ಬಂದಿತ್ತು. ಕೊಳೆ ಹೋಗಿತ್ತು, ಹರಿದದ್ದೆಲ್ಲ ಹೊಲಿದಿತ್ತು. ಕೆಲವರದಕ್ಕೆ ಗಂಜಿ ಹಾಕಿ, ಹಾಸಿಗೆಯ ಕೆಳಗಿಟ್ಟು ಗೆರೆ ತೆಗೆದಿದ್ದರು. ಗಂಡಸರ ಅಂಗಿಗಳಿಗೆ ಗುಂಡಿ ಬಂದಿತ್ತು. ನಾಳೆ ಬರುವ ಆ ಭಯಂಕರ ಕಾಲವನ್ನು ಅವರು ಒಂದೇ ಸಂಜೆಯಲ್ಲಿ ರಿಪೇರಿ ಮಾಡಿದ್ದರು.

"ಯಾರು ಹೇಳಿದ್ದು ಒಗೀರಿ ಅಂತ?" ಅದಿತಿಗೆ ಅಳುವೇ ಬಂತು.

ಹನುಮಕ್ಕ ಸೊಂಟಕ್ಕೆ ಕೈಯಿಟ್ಟಳು. "ಯಾರಾರ ಹೇಳಬೇಕಾ ಮೇಡಮ್ಮೋರೆ? ಬ್ಯಾರೆಯೋರ ಬಟ್ಟೆ ಉಟ್ಟು ಹಂಗೇ ತಿರುಗಿ ತರಾಕೆ ನಾವೇನು ಗತಿಗೆಟ್ಟೋರಾ?"

ಡೈರೆಕ್ಟರು ನಮ್ಮ ಅಳಿಯನ ವಯಸ್ಸಿನವರು, ಸಾಧು. ಮೊದಲು ತಲೆ ಮೇಲೆ ಕೈ ಹೊತ್ತು ಕೂತರು, ಆಮೇಲೆ ನಕ್ಕರು, ಕೊನೆಗೆ ನನ್ನ ಕಡೆ ನೋಡಿದರು. ನಾನು ಕತ್ತರಿ ತಗೊಂಡೆ. ಹಂಡೆಗೆ ಮತ್ತೆ ಚಹಾಪುಡಿ ಬಿತ್ತು. ನಿನ್ನೆ ತೆಗೆದ ಸೀನಿನಲ್ಲಿ ಎಲ್ಲಿ ಹರಿದಿತ್ತೋ ಇವತ್ತೂ ಅಲ್ಲಿಯೇ ಹರಿದಿರಬೇಕು, ಹಾಗಾಗಿ ಅವರು ಹಾಕಿದ ಹೊಲಿಗೆಗಳ ಮೇಲೆಯೇ ಕತ್ತರಿ ಆಡಬೇಕು. ಒಬ್ಬೊಬ್ಬರೇ ಬಂದು ನನ್ನ ಮುಂದೆ ನಿಂತರು. "ನಾ ಹಾಕಿದ ಹೊಲಿಗೆ ನಿನ್ನದಕ್ಕಿಂತ ಗಟ್ಟಿ ಐತೆ ಅಂತ ಹೊಟ್ಟೆಕಿಚ್ಚಾ?" ಅಂತ ಹನುಮಕ್ಕ ಶುರುಮಾಡಿದಳು, ನಗು ಎದ್ದಿತು. ಆಮೇಲೆ ಕಡಿಮೆಯಾಯಿತು. ಕೊನೆಕೊನೆಗೆ ಕತ್ತರಿಯ ಸದ್ದು ಮಾತ್ರ. ದಾರ ಕಿತ್ತು ಬರುವಾಗ ಎದುರಿಗಿರುವವರ ಮುಖ ನೋಡದೆ ಕೆಲಸ ಮಾಡುವುದನ್ನು ನಾನು ಕಲಿತದ್ದು ಆ ಬೆಳಿಗ್ಗೆ.

ರತ್ನಕ್ಕ ಬಂಡೆಯ ನೆರಳಲ್ಲಿ ಕೈಕಟ್ಟಿ ಕೂತು ನೋಡುತ್ತಿದ್ದಳು. ನಾನು ಆ ಕಡೆ ತಿರುಗಿದ್ದೇ, "ನನ್ನ ಹತ್ರ ಬರಬ್ಯಾಡ" ಅಂದಳು.

"ಬರಲ್ಲ ಮಾರಾಯ್ತಿ. ಮಾತು ಕೊಟ್ಟೀನಿ."

"ಹಂಗ್ ಬಾ ದಾರಿಗೆ."

ಇನ್ನೊಂದು ದಿನ ಕಳೆದ ಮೇಲೆ ದೊಡ್ಡ ಸೀನು. ನೀರು ಬಿಡುವ ಹೊತ್ತಿಗೆ ಕೆಳಗಿನವರೆಲ್ಲ ಗೇಟಿಗೆ ನುಗ್ಗುತ್ತಾರೆ, ಮೇಲಿನವರು ಲೋಟ ಹಿಡಿದು ನಿಂತಿರುತ್ತಾರೆ. ಆ ಬೆಳಿಗ್ಗೆ ಚನ್ನಗಿರಿಯ ಬಸ್ಸಿನಲ್ಲಿ ಅರ್ಧ ಸೀಟು ಖಾಲಿ, ಅಲ್ಲೆಲ್ಲೋ ಮದುವೆಯಂತೆ. ಅದಿತಿ ಸುತ್ತಲೂ ನೋಡಿ ನನ್ನ ಮೇಲೆ ಕಣ್ಣಿಟ್ಟಳು.

"ಆಂಟಿ, ನೀವು ಮೇಲೆ ಹೋಗಿ."

"ನಾನಾ? ನಾನು ಇಲ್ಲಿಯೋಳು ಮೇಡಂ."

"ಇಲ್ಲ ಇಲ್ಲ, ನೀವು ಮೇಲಿನವರ ಹಾಗೇ ಇದ್ದೀರ."

ಬೇಡ ಅಂತ ಎರಡು ಸಲ ಅಂದೆ. ಮೂರನೆಯ ಸಲ ಅನ್ನಲಿಲ್ಲ, ಅದು ನನಗೆ ನೆನಪಿದೆ. ಮುತ್ತಿನ ಬಣ್ಣದ ಗೌನು. ಬೆನ್ನಿಗೆ ಹುಕ್ಕು. ಹಾಕಲು ಸುಜಾತಳನ್ನೇ ಕರೆಯಬೇಕಾಯಿತು. "ಉಸಿರು ಬಿಗಿ ಹಿಡೀರಿ ಆಂಟಿ. ಈ ಹುಕ್ಕು ಹಿಂದಕ್ಕೆ ಇಡ್ರಿ ಅಂದ ಮಹಾತಾಯಿ ಯಾರೋ" ಅಂತ ಒಂದೊಂದೇ ಹಾಕಿದಳು. ತಾಳಿಸರಕ್ಕೆ ನಾನು ಯಾವಾಗಲೂ ನಾಲ್ಕಾರು ಪಿನ್ನು ಸಿಕ್ಕಿಸಿಕೊಂಡಿರುತ್ತೇನೆ. ಊರಿನಲ್ಲಿ ಯಾರ ಸೆರಗು ಜಾರಿದರೂ ನನ್ನ ಕುತ್ತಿಗೆಗೇ ಕೈ ಹಾಕುತ್ತಾರೆ. ಆ ಸರವನ್ನು ಗೌನಿನ ಒಳಗೆ ಸೇರಿಸಿಕೊಂಡೆ. ಮೇಲೂರಿನಲ್ಲಿ ಪಿನ್ನು ಇಲ್ಲ.

ಮೇಲೆ ಶಾಮಿಯಾನದ ನೆರಳಿತ್ತು. ಕುರ್ಚಿ, ಫ್ಯಾನು, ತಣ್ಣನೆಯ ಜ್ಯೂಸು. ದುಬಾರಿ ಬಟ್ಟೆ, ಬೆವರಿದರೆ ಕಲೆ ನಿಲ್ಲುತ್ತದೆ ಅಂತ ಮೇಲಿನವರಿಗೆ ಮಾತ್ರ. ಕೆಳಗಿನವರು ಬಿಸಿಲಿನಲ್ಲಿ, ಬೆವರು ಚೆನ್ನಾಗಿ ಕಾಣುತ್ತದೆ. ಇದರಲ್ಲಿ ಯಾರೂ ಕೆಟ್ಟವರಿಲ್ಲ, ನೋಡಿ. ಪ್ರತಿಯೊಂದಕ್ಕೂ ಕಾರಣವಿತ್ತು. ನನ್ನ ಪಕ್ಕದಲ್ಲಿ ಕತ್ತಲಗೆರೆಯ ಒಬ್ಬ ಹೆಂಗಸು ಕೂತಿದ್ದಳು. "ಏನು ಬಿಸಿಲ್ರೀ ಇವರೂರಾಗೆ! ಹೆಂಗ್ ಬದುಕ್ತಾರೋ" ಅಂದಳು. ಹೌದು ನೋಡಿ ಅಂದೆ. ಇಪ್ಪತ್ತು ಬೇಸಿಗೆ ಅದೇ ಬಿಸಿಲಲ್ಲಿ ಬದುಕಿದವಳು ಹೌದು ನೋಡಿ ಅಂದೆ, ಜ್ಯೂಸು ಕುಡಿದೆ. ಚೆನ್ನಾಗಿತ್ತು. ಇನ್ನೊಂದು ಕೇಳಿ ತರಿಸಿಕೊಂಡೆ.

ಡೈರೆಕ್ಟರು ಮೇಲೆ ಬಂದು ನಮಗೆ ಹೇಳಿದರು: "ಸಿಟ್ಟು ಬೇಡ, ಅಹಂಕಾರ ಬೇಡ. ಕೆಳಗೆ ಯಾರೂ ಇಲ್ಲ ಅನ್ನೋ ಹಾಗೆ ನೋಡಿ. ಕಣ್ಣು ಅವರ ಮೇಲೆ ಇರಬೇಕು, ಆದರೆ ಕಾಣಬಾರದು. ಇದು ಒಂದೇ ಸಲ ಆಗೋದು, ಗೇಟು ಮುರಿಯುತ್ತೆ, ಮತ್ತೆ ತೆಗೆಯಕ್ಕಾಗಲ್ಲ."

ಒಂದೇ ಸಲ. ನನ್ನಂಥವಳ ಮುಂದೆ ಆಡಬಾರದ ಮಾತು. ನನ್ನಿಂದ ಕೆಟ್ಟರೆ ಏನು ಗತಿ ಅಂತ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಕೂಗು ಎದ್ದಿತು. ಕೆಳಗೆ ಜನ ನುಗ್ಗಿದರು, ಡಬ್ಬಿಗಳ ಸದ್ದು, ಧೂಳು. ಗೇಟು ಕಿತ್ತು ಬಂತು. ಅಂದುಕೊಂಡಂತೆಯೇ ನಡೆಯಿತು. ರತ್ನಕ್ಕ ಮುಂದಿನ ಸಾಲಿನಲ್ಲಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಡಬ್ಬಿ ಹಿಡಿದವಳು ಗೇಟು ದಾಟುವಾಗ ತಗಡಿನ ಅಂಚು ಭುಜಕ್ಕೆ ಸಿಕ್ಕಿತು. ತೇಪೆ ಗಟ್ಟಿಯಾಗಿಯೇ ನಿಂತಿತು. ಅದರ ಪಕ್ಕದ ಬಟ್ಟೆ, ನಾವು ಚಹಾದಲ್ಲಿ ಕುದಿಸಿ ಕಲ್ಲಿಗೆ ಉಜ್ಜಿದ್ದ ಬಟ್ಟೆ, ಭುಜದಿಂದ ತೋಳಿನವರೆಗೆ ಬಿಟ್ಟುಕೊಂಡಿತು.

ಅವಳು ನಿಂತಳು. ಸುತ್ತ ಎಲ್ಲರೂ ನುಗ್ಗುತ್ತಿರುವಾಗ ಒಬ್ಬಳೇ ನಿಂತಳು. ಡಬ್ಬಿ ಬಿಟ್ಟು ಭುಜ ಮುಚ್ಚಿಕೊಂಡು, ತಲೆ ಎತ್ತಿ ಮೇಲೆ ಹುಡುಕಿ, ನನ್ನನ್ನು ಕಂಡಳು. "ಶೈಲವ್ವಾ" ಅಂದದ್ದು ಆ ಗಲಾಟೆಯಲ್ಲಿಯೂ ನನಗೆ ಕೇಳಿತು. ಇನ್ನೊಂದು ಕೈಯ ಎರಡು ಬೆರಳು ಕೂಡಿಸಿ ತೋರಿಸಿದಳು. ಪಿನ್ನು. ಎಷ್ಟು ಸಲ ನೋಡಿದ್ದೇನೆ ಆ ಸನ್ನೆ.

ಓಡಿ ಇಳಿದಿದ್ದರೆ ಗೇಟಿಗೆ ಹತ್ತು ಮೆಟ್ಟಿಲು.

"ಕೆಳಗೆ ಆಯಮ್ಮ ನಿಮ್ಮನ್ನೇ ಕರೀತೈತಲ್ರೀ" ಅಂದಳು ಕತ್ತಲಗೆರೆಯ ಹೆಂಗಸು, ತುಟಿ ಅಲ್ಲಾಡಿಸದೆ.

"ಶ್" ಅಂದೆ.

ಕ್ಯಾಮೆರಾ ಓಡುತ್ತಿತ್ತು. ನಾನು ಅವಳ ಮೇಲೆ ಕಣ್ಣಿಟ್ಟು, ಅಲ್ಲಿ ಯಾರೂ ಇಲ್ಲ ಅನ್ನುವ ಹಾಗೆ ನೋಡಿ, ಲೋಟ ತುಟಿಗೆ ತಂದು ಒಂದು ಗುಟುಕು ಕುಡಿದೆ. ಕುಡಿಯಲು ಯಾರೂ ಹೇಳಿರಲಿಲ್ಲ.

ಸೀನು ಮುಗಿದಾಗ ಚಪ್ಪಾಳೆ. ಡೈರೆಕ್ಟರು ನನ್ನ ಕೈ ಕುಲುಕಿ, "ಆಂಟಿ, ಸೂಪರ್. ಇಪ್ಪತ್ತು ಸಿನಿಮಾ ಮಾಡಿದವರಿಗೂ ಈ ನೋಟ ಬರಲ್ಲ" ಅಂದರು. ನಾನು ಗೌನು ಎತ್ತಿ ಹಿಡಿದು ಕೆಳಗೆ ಓಡಿದೆ. ಅಷ್ಟರಲ್ಲಿ ರತ್ನಕ್ಕ ಸೆರಗು ಬಿಚ್ಚಿ ಭುಜಕ್ಕೆ ಸುತ್ತಿಕೊಂಡು ಬಂಡೆಯ ಹತ್ತಿರ ಕೂತಿದ್ದಳು. ತಾಳಿಸರ ಹೊರಗೆಳೆದು ಪಿನ್ನು ಬಿಚ್ಚುತ್ತಾ, "ಕೊಡು ರತ್ನಕ್ಕ, ಹಾಕ್ತೀನಿ" ಅಂದೆ.

"ಈಗ ಬ್ಯಾಡ. ಮುಚ್ಕಂಡೀನಿ."

"ಕ್ಯಾಮೆರಾ ಇತ್ತಲ್ಲ, ಅದಕ್ಕೆ..."

"ಗೊತ್ತು ಬಿಡು. ಚಲೋ ಮಾಡಿದಿ." ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಿಜವಾಗಿ, ಚಲೋ ಮಾಡಿದವರಿಗೆ ಹೇಳುವ ಹಾಗೆಯೇ ಹೇಳಿದಳು.

ಡೈರೆಕ್ಟರ ಹತ್ತಿರ ಹೋಗಿ ಆ ತುಣುಕು ತೆಗೆದುಹಾಕಿ ಅಂತ ಕೇಳಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡು, "ಎಡಿಟಿಂಗಲ್ಲಿ ನೋಡೋಣ ಆಂಟಿ" ಅಂದರು. ನೋಡೋಣ ಅಂದರೆ ಏನರ್ಥ ಅಂತ ಅಂಗಡಿ ನಡೆಸುವವಳಿಗೆ ಗೊತ್ತಿರಬೇಕು. ನಾಳೆ ಕೊಡ್ತೀನಿ ನೋಡೋಣ ಅಂತ ಎಷ್ಟು ಗಿರಾಕಿಗಳನ್ನು ಕಳಿಸಿಲ್ಲ ನಾನು! ಆದರೂ ಹೋಗಿ ರತ್ನಕ್ಕನಿಗೆ, "ತೆಗೀತಾರಂತೆ" ಅಂದೆ. ಅವಳು ತಲೆಯಾಡಿಸಿದಳು.

ಸಿನಿಮಾ ಬಂದಾಗ ನಮ್ಮನ್ನೆಲ್ಲ ದಾವಣಗೆರೆಗೆ ಕರೆಸಿದರು. ರತ್ನಕ್ಕ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು ಬಂದು ನನಗೂ ಸುಜಾತಳಿಗೂ ನಡುವೆ ಕೂತಳು. ಅವಳ ಎರಡು ಮಾತು ಬಂದಾಗ ಹಿಂದಿನ ಸಾಲಿನಲ್ಲಿ ಹನುಮಕ್ಕ ಶಿಳ್ಳೆ ಹೊಡೆದಳು. ತೇಪೆ ಚೆನ್ನಾಗಿ ಕಂಡಿತು. ನಾನು ಉಸಿರು ಬಿಟ್ಟೆ, ಇನ್ನೇನೂ ಇಲ್ಲ ಅಂತ. ಆಮೇಲೆ ಗೇಟು ಮುರಿಯಿತು. ಎಲ್ಲ ಸದ್ದನ್ನೂ ನಿಲ್ಲಿಸಿಬಿಟ್ಟಿದ್ದರು. ಧೂಳಿನ ನಡುವೆ ಭುಜ ಹರಿದ ಒಬ್ಬ ಹೆಂಗಸು, ಪರದೆಯ ತುಂಬ. ತಲೆ ಎತ್ತುತ್ತಾಳೆ, ಎರಡು ಬೆರಳು ಕೂಡಿಸುತ್ತಾಳೆ. ಮೇಲೆ ಮುತ್ತಿನ ಬಣ್ಣದ ಗೌನಿನ ದಪ್ಪ ಹೆಂಗಸೊಬ್ಬಳು ಅವಳನ್ನು ನೋಡುತ್ತಾ, ನೋಡದೆ, ನೀರು ಕುಡಿಯುತ್ತಾಳೆ. ಥಿಯೇಟರಿನಲ್ಲಿ ಯಾರೋ ಬಿಕ್ಕಿದ್ದು ಕೇಳಿತು. ಆ ಎರಡು ಬೆರಳಿಗೆ ಜನ ಏನೇನೋ ಅರ್ಥ ಹೇಳಿದರು. ಒಂದು ಚಿಟಿಕೆ ಉಪ್ಪು, ಒಂದು ಹನಿ ನೀರು, ಒಂದು ಅಗುಳು ಅನ್ನ. ಎಲ್ಲರ ಫೋನಿನ ಸ್ಟೇಟಸ್ಸಿನಲ್ಲಿ ಅದೇ ಬಂತು. ಮುಂದೆ ಬರುವ ಕಾಲದ ಕ್ರೌರ್ಯವನ್ನು ಎಷ್ಟು ಚೆನ್ನಾಗಿ ತೋರಿಸಿದ್ದಾರೆ ಅಂತ ಬರೆದರು.

ಪರದೆಯ ಬೆಳಕಿನಲ್ಲಿ ನಾನು ಪಕ್ಕಕ್ಕೆ ನೋಡಿದೆ. ರತ್ನಕ್ಕ ನೆಟ್ಟಗೆ ಕೂತಿದ್ದಳು. ಬಿಳಿ ಸೀರೆಯ ಭುಜದ ಮಡಿಕೆಯನ್ನು ಒಂದು ಕೈಯಿಂದ ಸರಿಮಾಡಿಕೊಂಡಳು, ಅಷ್ಟೇ. ಹೊರಗೆ ಬಂದ ಮೇಲೆ ಸುಜಾತ ನನ್ನೊಂದಿಗೆ ಮಾತಾಡಲಿಲ್ಲ. ರತ್ನಕ್ಕನೇ ಅವಳಿಗೆ, "ಏನೇ ಮುಖ ಊದಿಸ್ಕಂಡಿ? ಆಂಟಿ ಏನು ಮಾಡಾಕೆ ಆಗ್ತಿತ್ತು, ಅಷ್ಟು ಎತ್ತರದಾಗೆ ನಿಂತು?" ಅಂದು ಬಸ್ಸು ಹತ್ತಿದಳು.

ಆಮೇಲೂ ಎಲ್ಲ ನೆಟ್ಟಗೇ ಇದೆ. ಬೆಂಗಳೂರಿನವರು ಕೆಲಸದ ದುಡ್ಡು ಹೇಳಿದ ಹೊತ್ತಿಗೆ ಕೊಟ್ಟರು. ಸುಜಾತ ನಾಲ್ಕು ದಿನ ಬಿಟ್ಟು ಕೆಲಸಕ್ಕೆ ಬಂದಳು. ನಾನು ಬಿಳಿಚೋಡಿಗೆ ಹೋದರೆ ರತ್ನಕ್ಕ ಚಹಾ ಕೊಡುತ್ತಾಳೆ, ಶಾಲೆಯ ಹೊಸ ಹೆಡ್‌ಮಾಸ್ತರರ ನಡಿಗೆ ಮಾಡಿ ತೋರಿಸಿ ನಗಿಸುತ್ತಾಳೆ. ಮುನಿಸಿಲ್ಲ. ಮುನಿಸಿದ್ದಿದ್ದರೆ ನಾನು ಕೈಹಿಡಿದು ಕ್ಷಮೆ ಕೇಳಿಯಾದರೂ ಹಗುರಾಗುತ್ತಿದ್ದೆ. ಕೇಳಲು ಹೋದಾಗಲೆಲ್ಲ ಅವಳು, "ಯಾವ ಮಾತು? ಓ, ಅದಾ?" ಅಂತ ಮರೆತವಳ ಹಾಗೆ ಎದ್ದು ಒಲೆಯ ಕಡೆ ಹೋಗುತ್ತಾಳೆ.

ಅವಳ ರವಿಕೆಗಳೆಲ್ಲ ನನ್ನ ಕೈಯವೇ, ಬುದ್ಧಪೂರ್ಣಿಮೆಗೆ ಪ್ರತಿ ವರ್ಷ ಒಂದು ಬಿಳಿ ರವಿಕೆ. ಬಟ್ಟೆ ತಗೊಂಡು ತಾನೇ ಬಸ್ಸಿನಲ್ಲಿ ಬರುವಳು, ಟೇಪು ಹಿಡಿದರೆ ಕಚಗುಳಿ ಅಂತ ಕಿರುಚುವಳು, ಹೋದ ವರ್ಷಕ್ಕಿಂತ ಇಂಚು ಹೆಚ್ಚಾಗಿದ್ದರೆ ನನ್ನ ಟೇಪು ಜಗ್ಗಿದೆ ಅನ್ನುವಳು. ಈ ವರ್ಷ ಬಟ್ಟೆಯನ್ನು ಸುಜಾತ ತಂದಳು.

"ಅವ್ವಗೆ ಬರಾಕೆ ಆಗಲಿಲ್ಲಂತೆ ಆಂಟಿ. ಅಳತೆಗೆ ಒಂದು ಜಂಪರು ಕಳ್ಸ್ಯಾಳೆ."

ಗಂಜಿ ಹಾಕಿ ಮಡಚಿದ ತಿಳಿನೀಲಿ ರವಿಕೆ. ಟೇಬಲ್ಲಿನ ಮೇಲೆ ಹರಡಿ, ಅಳತೆ ತೆಗೆಯಲು ಒಳಮಗ್ಗುಲು ಹೊರಗೆ ಮಾಡಿದೆ. ಭುಜದ ಹೊಲಿಗೆ ಅಚ್ಚುಕಟ್ಟಾಗಿತ್ತು, ಒಂದು ದಾರ ಹೊರಗೆ ಬಿಟ್ಟಿರಲಿಲ್ಲ. ಅದು ನಾನು ಹೊಲಿದದ್ದಲ್ಲ.